ಕಾರ್ಖಾನಿ ಮುಚ್ಚಿತು, ಫಟಫಟಿ ನಿಲ್ಲಲಿಲ್ಲ

ಹೋದ ಸಲ ಕೌದಿ ಹೊಲಿಯೂದರ ಬಗ್ಗೆ ಬರದಾಗ ಭಾಳ ಮಂದಿ ಫೋನ್ ಮಾಡಿ ನಿಮ್ಮ ನಿಮ್ಮ ಮನಿ ಕೌದಿ ಕಥಿ ಹೇಳಿದ್ರಿ. ಈ ಸಲದ ವಿಷಯ ನೋಡಿ ಒಂದಿಬ್ಬರು ನಗಬಹುದು. ಯಾಕಂದ್ರ ಇದು ಅಡಗಿಮನಿ ಸುದ್ದಿ ಅಲ್ಲ, ತಲಬಾಗಲ ಒಳಗ ಮೂಲಿಗೆ ನಿಂತಿರೋ ಹಳೇ ಫಟಫಟಿ ಸುದ್ದಿ. ಆದ್ರೂ ಪೂರ್ತಿ ಓದ್ರಿ. ಇದರಾಗ ನಮ್ಮ ಹೆಣ್ಮಕ್ಕಳ ಕೈ ಎಷ್ಟ ಐತಿ ಅನ್ನೂದು ಹೋಗ್ತಾ ಹೋಗ್ತಾ ಗೊತ್ತಾಗತೈತಿ.

ನಮ್ಮ ಮನಿಯಾಗಿರೋದು 1974ರ ಯೆಜ್ಡಿ. ಮಾವನವರು ಕಬ್ಬಿನ ಬಿಲ್ ಬಂದ ವರ್ಷ ತಗೊಂಡಿದ್ದು. ಮನಿಗೆ ಬಂದವರೆಲ್ಲ ಒಂದ ಮಾತು ಕೇಳತಾರ: “ಐವತ್ತ ವರ್ಷದ ಗಾಡಿ, ಮಾಡಿದ ಕಂಪನಿನೂ ಇಲ್ಲ, ಗುಜರಿಗೆ ಹಾಕಿದ್ರ ಜಾಗಾ ಆದ್ರೂ ಆಗತೈತಿ.” ಅವರು ಹೇಳೂದು ಖರೇನ. ಮೈಸೂರಿನ ಕಾರ್ಖಾನಿ 1996ರಾಗ ಮುಚ್ಚಿ ಹೋತು. ಹಂಗಾದ್ರ ಹುಟ್ಟಿಸಿದವರ ಇಲ್ಲದ ಮ್ಯಾಲ ಈ ಗಾಡಿ ಇಷ್ಟ ವರ್ಷ ಹೆಂಗ ಓಡಾಡ್ತು? ನಮ್ಮೊಂದ ಅಲ್ಲ, ಬೆಳಗಾವಿ, ಕೊಲ್ಲಾಪುರ, ಹುಬ್ಬಳ್ಳಿ, ಮೈಸೂರು, ಎಲ್ಲೆಲ್ಲೂ ಇಂಥಾ ಗಾಡಿ ಇನ್ನೂ ಅದಾವ. ಈ ಪ್ರಶ್ನಿಗೆ ಉತ್ತರ ಹುಡುಕಾಕ ಹೋದ್ರ ಮೈಸೂರಿನ ಇತಿಹಾಸ, ನಮ್ಮ ಬೆಳಗಾವಿ ಜಿಲ್ಲಾದ ಇತಿಹಾಸ, ನಮ್ಮ ಹಿತ್ತಲದ ಹಂಡೇ ಒಲಿ, ಮೂರೂ ಒಂದಕ್ಕೊಂದು ಹೆಣಕೊಂಡಾವ.

ಮೊದಲ ಗಾಡಿ ಹುಟ್ಟಿದ ಸುದ್ದಿ ಹೇಳತೀನಿ. ಯೆಜ್ಡಿಗಿಂತ ಮೊದಲ ಇದರ ಹೆಸರು ಜಾವಾ. ಇಂಡೋನೇಷ್ಯಾದ ಜಾವಾ ನಡುಗಡ್ಡಿಗೂ ಇದಕ್ಕೂ ಸಂಬಂಧ ಇಲ್ಲ. ಯುರೋಪಿನ ಚೆಕೊಸ್ಲೊವಾಕಿಯಾ ದೇಶದ ಪ್ರಾಗ್ ಊರಾಗ ಫ್ರಾಂಟಿಶೆಕ್ ಯಾನೆಚೆಕ್ ಅನ್ನೋ ಎಂಜಿನಿಯರ್ 1929ರಾಗ ಮೋಟರ್‌ಸೈಕಲ್ ಮಾಡೋ ಕಂಪನಿ ಶುರು ಮಾಡಿದ್ರು. ಜರ್ಮನಿಯ ವಾಂಡರರ್ ಅನ್ನೋ ಕಂಪನಿಯ ಮೋಟರ್‌ಸೈಕಲ್ ವಿಭಾಗ ಅವರು ಕೊಂಡಿದ್ರು. ತಮ್ಮ ಹೆಸರಿನ ಮೊದಲಿನ ಎರಡಕ್ಷರ, ಆ ಕಂಪನಿ ಹೆಸರಿನ ಮೊದಲಿನ ಎರಡಕ್ಷರ ಕೂಡಿಸಿದ್ರು, ಜಾವಾ ಆತು. ನಾವು ಅಜ್ಜ ಮುತ್ಯಾನ ಹೆಸರು ಕೂಡಿಸಿ ಕೂಸಿಗೆ ಹೆಸರಿಟ್ಟಂಗ.

ಆ ಗಾಡಿ ನಮ್ಮ ದೇಶಕ್ಕ ಮೊದಲ ಹಡಗದಾಗ ಬರತಿತ್ತು. ಇರಾನಿ ಮನಿತನದವರು ಮುಂಬೈಗೆ ತರಿಸಿ ಮಾರತಿದ್ರು. 1950ರ ದಶಕದಾಗ ಸರ್ಕಾರ ಹೊರದೇಶದಿಂದ ಪೂರಾ ಗಾಡಿ ತರೂದಕ್ಕ ಬಿಗಿ ಮಾಡ್ತು, ಬೇಕಾದ್ರ ಇಲ್ಲೇ ಮಾಡ್ರಿ ಅಂತು. ಅದ ಕಾಲದಾಗ, 1955ಕ್ಕ, ಮದ್ರಾಸಿನ್ಯಾಗ ಬುಲೆಟ್ ಮಾಡೋ ಎನ್‌ಫೀಲ್ಡ್ ಕಂಪನಿ ಶುರು ಆತು. ಇತ್ಲಾಗ ರುಸ್ತುಂ ಇರಾನಿ, ಫಾರೂಖ್ ಇರಾನಿ ಇಬ್ಬರೂ ಕೂಡಿ 1960ರಾಗ ಮೈಸೂರಾಗ ಐಡಿಯಲ್ ಜಾವಾ ಕಂಪನಿ ಕಟ್ಟಿದ್ರು. ಊರಾಗಿನ ಯಾದವಗಿರಿ ಅನ್ನೋ ಜಾಗಾದಾಗ ಕಾರ್ಖಾನಿ. ಆವಾಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು ಜಯಚಾಮರಾಜ ಒಡೆಯರು, ಅವರ ಬೆಂಬಲ ಈ ಕೆಲಸಕ್ಕ ಇತ್ತು. 1961ರಿಂದ ಮೈಸೂರಿನ ಜಾವಾ ರೋಡಿಗೆ ಬಂತು.

ಒಂದ ಮಾತು ನೆನಪಿಡ್ರಿ. ನಮ್ಮ ಬೆಳಗಾವಿ ಜಿಲ್ಲಾ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕ ಸೇರಿದ್ದು 1956ರ ನವೆಂಬರ್ 1ಕ್ಕ. ಅಂದ್ರ ನಾವು ಹೊಸದಾಗಿ ಸೇರಿದ ರಾಜ್ಯದಾಗ ನಾಕೈದ ವರ್ಷಕ್ಕ ಹುಟ್ಟಿದ ಗಾಡಿ ಇದು. ನಮ್ಮ ಹಿರ್ಯಾರಿಗೆ ಮೈಸೂರು ಅಂದ್ರ ಭಾಳ ದೂರದ ಊರು, ಲಗ್ನಕ್ಕ ಜವಳಿ ಬೇಕಾದ್ರೂ ಬೆಳಗಾವಿಗೋ ಕೊಲ್ಲಾಪುರಕ್ಕೋ ಹೋಗವ್ರು. ಮೈಸೂರಿನಿಂದ ಸೀದಾ ನಮ್ಮ ಅಂಗಳಕ್ಕ ಬಂದ ದೊಡ್ಡ ಸಾಮಾನು ಅಂದ್ರ ಈ ಫಟಫಟಿನ. 1973ರಾಗ ಇನ್ನೊಂದ ಮಜಾ ಆತು. ಆ ವರ್ಷ ನವೆಂಬರ್ 1ಕ್ಕ ಮೈಸೂರು ರಾಜ್ಯ ಹೋಗಿ ಕರ್ನಾಟಕ ಆತು. ಅದ ವರ್ಷದಿಂದ ಜಾವಾ ಹೋಗಿ ಯೆಜ್ಡಿ ಆತು. ಚೆಕ್ ಕಂಪನಿ ಜೋಡಿಗಿನ ಒಪ್ಪಂದ ಮುಗದ ಮ್ಯಾಲ ಆ ಹೆಸರು ಬಿಡಬೇಕಾತು. ಇರಾನಿ ಮನಿತನದವರ ಹಿರಿಯರ ನಾಡು ಇರಾನ್ ದೇಶ, ಅಲ್ಲಿ ಯಜ್ದ್ ಅಂತ ಪಾರ್ಸಿ ಧರ್ಮದವರ ಹಳೇ ಊರು ಐತಿ. ಆ ಊರಿನ ಹೆಸರ ಗಾಡಿಗೆ ಬಂತು ಅಂತಾರ. ನಮ್ಮ ಹಳ್ಳ್ಯಾಗ ಮಾತ್ರ ಹೆಸರು ಎಷ್ಟ ಬದಲಾದ್ರೂ “ಜಾವಾ” ಅಂತನ ಕರೀತಿದ್ರು, ಈಗೂ ಮುದುಕರು ಹಂಗ ಅಂತಾರ.

ಈಗ ಆ ಗಾಡಿ ಒಳಗ ಏನ ಐತಿ ನೋಡೂಣು. ಇದು ತಿಳದ್ರನ ಮುಂದಿನದು ತಿಳೀತೈತಿ. ಗಾಬರಿ ಆಗಬ್ಯಾಡ್ರಿ, ಹೊಲಿಗಿ ಮಶೀನಿನ ಎಣ್ಣಿ ಹಾಕಿ ಸೂಜಿ ಬದಲ ಮಾಡಾಕ ಬಂದವರಿಗೆ ಇದು ತಿಳೀತೈತಿ.

ಇದು ಟೂ ಸ್ಟ್ರೋಕ್ ಗಾಡಿ, 250 ಸಿಸಿ. ಒಂದ ಪಿಸ್ಟನ್. ಬುಲೆಟ್‌ನಂಗ ಮ್ಯಾಲ ಕೆಳಗ ಕುಣಿಯೋ ವಾಲ್ವ್ ಇಲ್ಲ. ಪಿಸ್ಟನ್ನ ಮ್ಯಾಲ ಹೋಗಿ ಕೆಳಗ ಬಂದು ಕಿಂಡಿ ಮುಚ್ಚಿ ತಗದು ಮಾಡತೈತಿ. ಎಂಜಿನ್ ಒಳಗ ಓಡಾಡೋ ಭಾಗ ಕಡಿಮಿ, ಅದಕ್ಕ ಕೆಡೂದೂ ಕಡಿಮಿ, ಕೆಟ್ರ ಹುಡುಕೂದೂ ಸಸಾರ. ಆದ್ರ ಪೆಟ್ರೋಲಿನ್ಯಾಗನ ಎಣ್ಣಿ ಕಲಸಬೇಕು. ಯಾಕಂದ್ರ ಪೆಟ್ರೋಲು ಮೊದಲ ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಇರೋ ಖೋಲಿಗೆ ಹೋಗಿ ಆಮ್ಯಾಲ ಮ್ಯಾಲ ಬರತೈತಿ, ಅಲ್ಲಿ ಬೇರಿಂಗಿಗೆ ಜಿಡ್ಡು ಸಿಗೂದು ಆ ಕಲಸಿದ ಎಣ್ಣಿಯಿಂದನ. ಲೀಟರಿಗೆ ಸುಮಾರ 40 ಎಂಎಲ್. ಎಣ್ಣಿ ಕಡಿಮಿ ಆದ್ರ ಪಿಸ್ಟನ್ ಬಿಸಿಗೆ ಉಬ್ಬಿ ಹಿಡಕೋತೈತಿ, ಮೆಕ್ಯಾನಿಕ್ಕರು ‘ಸೀಜ್ ಆತು’ ಅಂತಾರ. ಹೆಚ್ಚಾದ್ರ ಪ್ಲಗ್ಗಿಗೆ ಮಸಿ ಹಿಡದು ಹೊಗಿ ಬರತೈತಿ. ಹೋಳಗಿ ಕಣಕದಂಗ, ಅಳತಿ ತಪ್ಪಿದ್ರ ಅದು ಸುಮ್ಮನಿರೂದಿಲ್ಲ.

ಪಿಸ್ಟನ್ ಒಂದ ಆದ್ರೂ ಸೈಲೆನ್ಸರ್ ಎರಡ. ನೋಡಿದವರೆಲ್ಲ ಎರಡ ಎಂಜಿನ್ ಐತೇನು ಅಂತ ಕೇಳತಿದ್ರು. ಗೇರ್ ಹಾಕೋ ಕೋಲ ಕಿಕ್ ಹೊಡೆಯೋ ಕೋಲು. ಒಳಗ ಒತ್ತಿ ಮ್ಯಾಲ ತಿರುವಿದ್ರ ಕಿಕ್, ಕೆಳಗ ಬಿಟ್ರ ಗೇರ್. ಚೈನ್ ಪೂರಾ ಡಬ್ಬಿ ಒಳಗ ಮುಚ್ಚಿರತೈತಿ. ಧೂಳ ಹೋಗೂದಿಲ್ಲ, ಸೀರಿ ಸೆರಗೂ ಚೈನಿಗೆ ಸಿಗೂದಿಲ್ಲ. ಹಿಂದಿನ ಗಾಲಿಗೆ ಸೀರಿ ಸಿಗದಂಗ ಅರ್ಧ ಗಾಲಿ ಮುಚ್ಚಬೇಕು, ಹಿಡ್ಕೊಳ್ಳಾಕ ಹಿಡಿಕಿ, ಕಾಲ ಇಡಾಕ ಜಾಗಾ ಇರಬೇಕು ಅಂತ ಕಾನೂನಿನ್ಯಾಗನ ಬರದಿದ್ದು ಆಮ್ಯಾಲ, 1989ರ ಕೇಂದ್ರ ಮೋಟಾರು ವಾಹನ ನಿಯಮದಾಗ. ಅದು ಹಿಂದ ಕೂಡೋ ನಮ್ಮಂಥವರ ಸಲುವಾಗಿ ಬರದ ಸಾಲು.

ಬ್ಯಾಟರಿ ಆರು ವೋಲ್ಟಿನದು. ಕಿಡಿ ಹಚ್ಚೂದಕ್ಕ ಒಳಗ ‘ಪಾಯಿಂಟ್’ ಅಂತ ಎರಡು ಸಣ್ಣ ಲೋಹದ ಮೂಗು ಇರತಾವ, ಅವು ಕೂಡಿ ಬಿಟ್ಟು ಕೂಡಿ ಬಿಟ್ಟು ಮಾಡಿದಾಗ ಪ್ಲಗ್ಗಿನ್ಯಾಗ ಕಿಡಿ ಬರತೈತಿ. ಅವುಗಳ ನಡುವಿನ ಸಂದಿ 0.4 ಮಿಲಿಮೀಟರ್ ಒಳಗ ಇರಬೇಕು. ಅಳಿಯೋ ಪಟ್ಟಿ ಇಲ್ಲದಾಗ ಮಾವನವರು ಲಗ್ನದ ಕಾರ್ಡಿನ ತುಣುಕು ಇಟ್ಟು ನೋಡತಿದ್ರು. ಮಸಿ ಹಿಡದ್ರ ಸಣ್ಣ ಪಾಲಿಶ್ ಕಾಗದದಿಂದ ಒಂದೆರಡ ಸಲ ತಿಕ್ಕತಿದ್ರು. ಅಷ್ಟ ರಿಪೇರಿ. ಕಂಪ್ಯೂಟರ್ ಬ್ಯಾಡ, ಕೇಬಲ್ ಹಚ್ಚಿ ನೋಡೂದು ಬ್ಯಾಡ. ಕಣ್ಣಿಗೆ ಕಾಣತೈತಿ, ಕೈಗೆ ಸಿಗತೈತಿ.

ಮನಿಯಾಗ ರಿಪೇರಿ ಮಾಡೋ ಬುದ್ಧಿ ನಮ್ಮ ಕಡೆ ಜಾವಾ ಬಂದ ಮ್ಯಾಲ ಬಂದದ್ದಲ್ಲ. ಅದಕ್ಕ ಅದಕ್ಕಿಂತ ಹಳೇ ಬೇರ ಐತಿ. ಕಿರ್ಲೋಸ್ಕರ ಪಂಪು ನಮ್ಮೆಲ್ಲರ ಬಾವ್ಯಾಗೂ ಇದ್ದದ್ದ. ಆ ಕಿರ್ಲೋಸ್ಕರ ಕಂಪನಿ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ ಹುಟ್ಟಿದ್ದು 1869ರಾಗ, ನಮ್ಮ ಜಿಲ್ಲಾದ ಗುರ್ಲಹೊಸೂರಾಗ. 1888ರಾಗ ಬೆಳಗಾವಿಯಾಗ ಅವರು ಸೈಕಲ್ ಮಾರಿ ರಿಪೇರಿ ಮಾಡೋ ಅಂಗಡಿ ಹಾಕಿದ್ರು. ಅಲ್ಲಿಂದ ದನಕ್ಕ ಕಣಕಿ ಕತ್ತರಿಸೋ ಯಂತ್ರ, ಆಮ್ಯಾಲ 1903ರಾಗ ಕಬ್ಬಿಣದ ನೇಗಿಲು. ಕಬ್ಬಿಣದ ನೇಗಿಲಿನಿಂದ ಭೂಮಿಗೆ ವಿಷ ಆಗತೈತಿ ಅಂತ ರೈತರು ಮೊದಲ ಅಂಜಿದ್ರಂತ, ಮಾರಾಕ ವರ್ಷಗಟ್ಟಲೆ ಹಿಡೀತು. 1910ರಾಗ ಅವರು ಬೆಳಗಾವಿ ಬಿಟ್ಟು ಔಂಧ ಸಂಸ್ಥಾನದಾಗ ಕಿರ್ಲೋಸ್ಕರವಾಡಿ ಕಟ್ಟಿದ್ರು. ಅಂಥಾ ದೊಡ್ಡ ಕಂಪನಿಯ ಮೂಲ ಒಂದ ಸೈಕಲ್ ರಿಪೇರಿ ಅಂಗಡಿ.

ಮುಂದ ಗೋಕಾಕ ಫಾಲ್ಸಿನ ನೂಲಿನ ಗಿರಣಿಯಾಗ ಕೆಲಸ ಮಾಡಿದವರು ಪಾನಾ ಹಿಡಿಯೂದು ಕಲತು ಊರಿಗೆ ಬಂದ್ರು. ಘಟಪ್ರಭಾ ಕಾಲವಿ ಬಂತು, ಬಾವಿಗೆ ಎಂಜಿನ್ ಬಂತು, ಕಬ್ಬು ಬಂತು. ಎಂಜಿನ್ ಕೆಟ್ರ ಪೈರ ಒಣಗತೈತಿ, ಪ್ಯಾಟಿಯಿಂದ ಮಿಸ್ತ್ರಿ ಬರೂತನಕ ಕಾಯಾಕ ಆಗೂದಿಲ್ಲ. ಅದಕ್ಕ ಪ್ರತಿ ಓಣ್ಯಾಗ ಎಂಜಿನ್ ಬಿಚ್ಚಿ ಜೋಡಿಸೋ ಒಬ್ಬಿಬ್ಬರು ರೈತರು ತಯಾರಾದ್ರು. ಹಿಂಗ ತಯಾರಾದ ಕೈಗೆ ಜಾವಾ ಬಂದು ಸಿಕ್ತು. ಬಾವಿ ಎಂಜಿನ್ ಬಿಚ್ಚಿದವನಿಗೆ ಜಾವಾ ಎಂಜಿನ್ ಅಂದ್ರ ಆಟಗಿ ಸಾಮಾನು.

ಇಷ್ಟ ಇತಿಹಾಸ ಬರಿಯೋರು ಬರದಾರ. ಬರಿಲಾರದ್ದು ಒಂದೈತಿ. ಗಂಡಸರು ಗಾಡಿ ಬಿಚ್ಚಿದ್ರು ಅಂತ ಎಲ್ಲಾರೂ ಹೇಳತಾರ, ಬಿಚ್ಚಿದ್ದನ್ನ ಕಾದವರ ಸುದ್ದಿ ಯಾರೂ ಹೇಳೂದಿಲ್ಲ. ನಮ್ಮ ಅತ್ತಿಯವರಿಗೆ ಈಗ ಎಂಬತ್ತ ದಾಟೇತಿ. ಅವರು ಒಂದ ದಿನನೂ ಗಾಡಿ ಹೊಡದವರಲ್ಲ. ಆದ್ರ ಅವರು ಮಾಡಿದ ಕೆಲಸ ಕೇಳ್ರಿ.

ಎಣ್ಣಿ ಅಳತಿ ಅವರದ. ಕೂಸಿನ ಔಷಧಿ ಬಾಟಲಿ ಜೋಡಿ ಬರೋ ಹತ್ತ ಎಂಎಲ್ ಮುಚ್ಚಳ ಇರತೈತೆಲ್ಲ, ಅದರಲೆ ಲೀಟರಿಗೆ ನಾಕ ಮುಚ್ಚಳ. ಆ ಮುಚ್ಚಳ ಮತ್ತ ಅಡಗಿಮನಿಗೆ ಬರಬಾರದು ಅಂತ ಅದಕ್ಕ ಕೆಂಪ ದಾರ ಕಟ್ಟಿದ್ರು. ಮೊದಲ ಸ್ವಲ್ಪ ಪೆಟ್ರೋಲಿನ್ಯಾಗ ಎಣ್ಣಿ ಹಾಕಿ ಕ್ಯಾನ್ ಅಲಗಾಡಿಸಿ, ಆಮ್ಯಾಲ ಉಳದದ್ದು ಕೂಡಿಸೂದು. ಹಂಗ ಸುರವಿದ್ರ ಎಣ್ಣಿ ತಳಕ್ಕ ಕೂಡತೈತಿ.

ನಟ್ ಬೋಲ್ಟ್ ಇಡೂದೂ ಅವರದ. ಹಳೇ ಮಸಾಲಿ ಡಬ್ಬಿಯಾಗಿನ ಏಳ ಬಟ್ಟಲಕ್ಕ ಏಳ ಜಾಗಾದ ನಟ್ಟು. ನಡುವಿನ ಬಟ್ಟಲಕ್ಕ ಕಾರ್ಬೋರೇಟರಿನ ಸಣ್ಣ ಸಾಮಾನು, ಯಾಕಂದ್ರ ಅವ ಕಳಕೊಳ್ಳೂದು. ಬಿಚ್ಚಿದ ಕ್ರಮದಾಗ ಎಡದಿಂದ ಬಲಕ್ಕ ಇಟ್ರ ಜೋಡಿಸುವಾಗ ಬಲದಿಂದ ಎಡಕ್ಕ ಬಂದ್ರ ಆತು. ಈ ಪದ್ಧತಿ ಯಾವ ಗ್ಯಾರೇಜಿನವರೂ ಕಲಿಸಿದ್ದಲ್ಲ.

ಸೈಲೆನ್ಸರ್ ಒಳಗ ಬ್ಯಾಫಲ್ ಅಂತ ತೂತಿನ ಕೊಳವಿ ಇರತೈತಿ. ಎಣ್ಣಿ ಸುಟ್ಟ ಮಸಿ ಅದರಾಗ ಕಟ್ಟಿ, ಇಲ್ಲಣ ಹಿಡದ ಒಲಿ ಹೊಗಿಕಿಂಡಿ ಆದಂಗ ಆಗತೈತಿ. ಆವಾಗ ಗಾಡಿ ದಮ್ಮ ಕಳಕೋತೈತಿ, ಏರಿ ಏರೂದಿಲ್ಲ. ಹಿಂದಿನ ನಟ್ ಬಿಚ್ಚಿ ಆ ಕೊಳವಿ ಹೊರಗ ತಗದು, ಜಿಡ್ಡು ಒರಸಿ, ನೀರ ಕಾಸೋ ಹಂಡೇ ಒಲಿ ಕೆಂಡದಾಗ ಇಟ್ಟು ಬಿಡೂದು. ಎಲ್ಲಾರ ಜಳಕ ಮುಗಿಯೂತನಕ ಒಳಗಿನ ಮಸಿ ಸುಟ್ಟು ಬೂದಿ ಆಗತಿತ್ತು. ತಣ್ಣಗಾದ ಮ್ಯಾಲ ಬಡದ್ರ ಪುಡಿಪುಡಿ ಉದರತಿತ್ತು. ಹಿತ್ತಲದ ಒಲಿಯಾಗ ಮಾತ್ರ ಈ ಕೆಲಸ, ಅಡಗಿ ಒಲಿಯಾಗ ಎಂದೂ ಇಲ್ಲ.

ಇನ್ನೊಂದು ಕಟ್ಟುನಿಟ್ಟು ಅತ್ತಿಯವರದ ಇತ್ತು: ಕಂದೀಲು ಹಚ್ಚಿದ ಮ್ಯಾಲ ಪೆಟ್ರೋಲ್ ಮುಟ್ಟಂಗಿಲ್ಲ. ಸಾಮಾನು ತೊಳಿಯೂದು ಅಂಗಳದಾಗ, ಹಗಲೊತ್ತು, ಚಿಮಣಿ ಎಣ್ಣಿಲೆ. ಪೆಟ್ರೋಲಿನ ಆವಿ ನೆಲಕ್ಕ ಹತ್ತಿ ಹರದು ದೂರದ ಬೆಂಕಿನೂ ಹಿಡೀತೈತಿ ಅನ್ನೂದು ಅವರಿಗೆ ಪುಸ್ತಕ ಓದಿ ಗೊತ್ತಾಗಿದ್ದಲ್ಲ, ಆದ್ರ ನಿಯಮ ಮಾತ್ರ ಬರೋಬ್ಬರಿ ಇತ್ತು. ನಿಮ್ಮ ಮನಿಯಾಗ ಯಾರರ ಗಾಡಿ ಬಿಚ್ಚತಿದ್ರ ಈ ಒಂದು ನಿಯಮನಂತೂ ಇಡ್ರಿ.

ಅರಿವಿಗೆ ಗ್ರೀಸ್ ಹತ್ತಿದ್ರ ನೀರ ಹಾಕೂಕಿಂತ ಮೊದಲ ಕಡ್ಲಿ ಹಿಟ್ಟು ಹಚ್ಚಿ ತಿಕ್ಕಬೇಕು, ಹಿಟ್ಟು ಜಿಡ್ಡು ಎಳಕೋತೈತಿ, ಆಮ್ಯಾಲ ಸಾಬಾಣ. ನೀರ ಮೊದಲ ಬಿದ್ರ ಕಲಿ ಕೂತಬಿಡತೈತಿ.

ಎಲ್ಲಾಕ್ಕಿಂತ ದೊಡ್ಡದು ಕ್ಯಾಲೆಂಡರ್. ಗ್ವಾಡಿಗೆ ತೂಗ ಹಾಕಿದ ಕ್ಯಾಲೆಂಡರಿನ್ಯಾಗ ಹಾಲಿನ ಲೆಕ್ಕ, ಎಮ್ಮಿ ಈದ ತಾರೀಕು, ಗಾಡಿಗೆ ಎಣ್ಣಿ ಬದಲಿಸಿದ ತಾರೀಕು, ಎಲ್ಲಾ ಬರೀತಿದ್ರು. ವರ್ಷ ಮುಗದ ಮ್ಯಾಲ ಅದನ್ನ ಒಗೀದ ಸುತ್ತಿ ಟ್ರಂಕಿನ್ಯಾಗ ಇಟ್ಟಾರ. ಮಾವನವರು ತೀರಕೊಂಡ ಮ್ಯಾಲ ನಮ್ಮ ಯಜಮಾನರು ಗಾಡಿ ಬಿಚ್ಚಿದಾಗ ಪಿಸ್ಟನ್ ಯಾವ ವರ್ಷ ಬದಲಾಗೇತಿ, ಬೋರ್ ಎಷ್ಟ ಸಲ ಆಗೇತಿ ಗೊತ್ತಾಗಿದ್ದು ಆ ಕ್ಯಾಲೆಂಡರಿನಿಂದ. ಬೋರ್ ಅಂದ್ರ, ಪಿಸ್ಟನ್ ಓಡಾಡೋ ಸಿಲಿಂಡರ್ ಸವದಾಗ ಲೇಥಿನ ಮ್ಯಾಲ ಕೂದಲೆಳಿಯಷ್ಟು ಕೊರದು ದೊಡ್ಡದ ಮಾಡಿ ಅದಕ್ಕ ತಕ್ಕಂಗ ಸ್ವಲ್ಪ ದೊಡ್ಡ ಪಿಸ್ಟನ್ ಹಾಕೂದು. ಎಷ್ಟ ಸಲ ಆಗೇತಿ ಗೊತ್ತಿಲ್ಲಂದ್ರ ಇನ್ನೆಷ್ಟ ಸಲ ಆಗಬಹುದು ಗೊತ್ತಾಗೂದಿಲ್ಲ.

ಈಗ ಮತ್ತ ಮೈಸೂರಿಗೆ ಹೋಗೂಣು. ಯೆಜ್ಡಿಗೆ 1970ರ ದಶಕ ಒಳ್ಳೇ ಕಾಲ. ಗಾಡಿ ಸಿಗೂದ ಕಠಿಣ ಇದ್ದ ಕಾಲ ಅದು, ಬಜಾಜ್ ಸ್ಕೂಟರಿಗೆ ಹೆಸರ ಹಚ್ಚಿ ವರ್ಷಗಟ್ಟಲೆ ಕಾಯತಿದ್ರು. 1978ರಾಗ ರೋಡ್‌ಕಿಂಗ್ ಅನ್ನೋ ಹೆಚ್ಚಿನ ಶಕ್ತಿ ಗಾಡಿ ಬಂತು, ಹುಡುಗರು ಅದಕ್ಕ ಹುಚ್ಚಾದ್ರು. ಮೈಸೂರಿನ ಗಾಡಿ ಹೊರದೇಶಕ್ಕೂ ಹೋದ್ವು.

1980ರ ದಶಕದ ನಡುವ ಜಪಾನಿನ ಕಂಪನಿಗಳು ನಮ್ಮವರ ಜೋಡಿ ಕೂಡಿ ಬಂದ್ವು. 1985ರಾಗ ಹೀರೋ ಹೋಂಡಾ ಸಿಡಿ 100, ಅದ ವರ್ಷ ಯಮಹಾ ಆರ್‌ಎಕ್ಸ್ 100. ಸಿಡಿ 100 ಫೋರ್ ಸ್ಟ್ರೋಕ್ ಗಾಡಿ, ಪೆಟ್ರೋಲಿನ್ಯಾಗ ಎಣ್ಣಿ ಕಲಸೂದ ಬ್ಯಾಡ. ಲೀಟರಿಗೆ ಎಂಬತ್ತ ಕಿಲೋಮೀಟರ್ ಅಂತ ಜಾಹೀರಾತು. ಯೆಜ್ಡಿ ಲೀಟರಿಗೆ ಮೂವತ್ತರ ಆಜೂಬಾಜೂ. ಮನಿ ಖರ್ಚ ನೋಡೋ ಹೆಣ್ಮಗಳು ಯಾವುದು ಆರಿಸ್ತಾಳ ನೀವ ಹೇಳ್ರಿ. ಅದರ ಜೋಡಿ ಹೊಗಿ ನಿಯಮ ಬಂದ್ವು, 1991ರಾಗ ಮೊದಲ ಸಲ, 1996ರಾಗ ಇನ್ನೂ ಬಿಗಿ. ಟೂ ಸ್ಟ್ರೋಕಿನ್ಯಾಗ ಪೆಟ್ರೋಲಿನ ಒಂದಿಷ್ಟು ಪಾಲು ಸುಡದನ ಹೊರಗ ಹೋಗತೈತಿ, ಅದಕ್ಕ ಆ ನಿಯಮ ದಾಟೂದು ಹಳೇ ಗಾಡಿಗೆ ಕಠಿಣ. ಕಾರ್ಖಾನಿಯಾಗ ಸಾಲ, ಕಾರ್ಮಿಕರ ಜೋಡಿ ತಕರಾರು. ಕಡೀಕ 1996ರಾಗ ಬಾಗಲ ಮುಚ್ಚಿತು. ಮೈಸೂರಿನ ಎಷ್ಟೋ ಮನಿ ಒಲಿ ಆ ಸಂಬಳದಿಂದ ಉರೀತಿದ್ವು. ಗಾಡಿ ಪ್ರೇಮಿಗಳ ಕಥಿಯಾಗ ಆ ಮನಿಗಳ ಸುದ್ದಿ ಬರೂದ ಕಡಿಮಿ, ಅದಕ್ಕ ಇಲ್ಲಿ ಬರದೆ.

ಕಾರ್ಖಾನಿ ಮುಚ್ಚಿದ ಮ್ಯಾಲ ಸಾಮಾನು ಎಲ್ಲಿಂದ? ಹಳೇ ಅಂಗಡಿಗಳಾಗ ಉಳದ ಸ್ಟಾಕ್ ಕೆಲವು ವರ್ಷ ನಡೀತು. ಕೇಬಲ್, ರಬ್ಬರ್, ಚೈನ್ ಚಕ್ರ ಸಣ್ಣ ಸಣ್ಣ ವರ್ಕ್‌ಶಾಪಿನವರು ಮಾಡಾಕ ಹತ್ತಿದ್ರು. ನಮಗ ಬೆಳಗಾವಿ ಉದ್ಯಮಬಾಗದ ಲೇಥು, ಕೊಲ್ಲಾಪುರದ ಬಜಾರ, ಎರಡೂ ಹತ್ರ. ಮುರದ ಭಾಗ ಒಯ್ದು ಇಟ್ರ ಅದರಂಥದ್ದ ತಿರುವಿ ಕೊಡತಿದ್ರು. ಓಡದ ನಿಂತ ಒಂದ ಗಾಡಿ ಅಗ್ಗಕ್ಕ ತಗೊಂಡು ಅದರ ಸಾಮಾನಿನಿಂದ ಇನ್ನೊಂದ ಬದುಕಿಸೂದೂ ನಡೀತು, ಹಳೇ ಸೀರಿಯಿಂದ ಕೌದಿ ಮಾಡಿದಂಗ. ಕಂಪನಿ ಗೊತ್ತಿದ್ದ ವಿದ್ಯಾ ಅಷ್ಟೊತ್ತಿಗೆ ಮನಿಮನಿಗೆ ಬಂದು ಕೂತಿತ್ತು. ಕಂಪನಿ ಹೋತು, ವಿದ್ಯಾ ಉಳೀತು. ನಾನು ಮೊದಲ ಕೇಳಿದ ಪ್ರಶ್ನಿಗೆ ಉತ್ತರ ಇದ.

ಇದು ಬರೇ ಅಭಿಮಾನದ ಮಾತಲ್ಲ ಅನ್ನೂದು 2019ರಾಗ ಕಣ್ಣಿಗೆ ಕಂಡೆ. ಆ ವರ್ಷದ ಆಗಸ್ಟಿನ ಮಹಾಪೂರ ಯಾರೂ ಮರೆತಿರೂದಿಲ್ಲ. ಹಿಡಕಲ್ ಡ್ಯಾಮಿನಿಂದ ನೀರ ಬಿಟ್ರು, ಲೋಳಸೂರ ಪೂಲ ಮುಳಗಿತು, ಗೋಕಾಕ ಊರಾಗ ಓಣಿಗೋಳ ಹೊಳಿ ಆದ್ವು. ನನ್ನ ತವರಮನಿ ಅಲ್ಲೇ. ಜೀವ ಉಳಿಸಿಕೊಂಡು ಹೊರಗ ಬರೂದ ದೊಡ್ಡದಾಗಿತ್ತು, ಗಾಡಿ ಯಾರು ನೋಡತಾರ? ನೀರ ಇಳದ ಮ್ಯಾಲ ನೋಡಿದ್ರ ಅಂಗಳದಾಗ ಎರಡು ಗಾಡಿ ಕೆಸರಾಗಿನಿಂದ ಎದ್ದಂಗ ನಿಂತಿದ್ವು: ಅಪ್ಪನ ಹಳೇ ರೋಡ್‌ಕಿಂಗ್, ಅಳಿಯನ ಹೊಸ ಗಾಡಿ.

ಹೊಸದನ್ನ ಗ್ಯಾರೇಜಿಗೆ ಒಯ್ದ್ರು. ಅಲ್ಲಿ ಸಾಲು ಹಚ್ಚಿ ನಿಂತಿದ್ವು ಗಾಡಿಗೋಳ. ವೈರಿಂಗು, ಮೀಟರು, ಸೆನ್ಸರು ಅಂತ ಒಂದೊಂದ ಬದಲಿಸಿ ಅದೂ ಉಳೀತು, ಆದ್ರ ತಿಂಗಳ ಮ್ಯಾಲಾತು, ಬಿಲ್ಲೂ ದೊಡ್ಡದಾತು. ಹಳೇದನ್ನ ಅಣ್ಣ ಮನ್ಯಾಗ ಹಿಡದಾ. ಮೊದಲ ಮಾಡಿದ ಶಾಣ್ಯಾತನ ಏನಂದ್ರ ಕಿಕ್ ಹೊಡೀಲಿಲ್ಲ. ಸಿಲಿಂಡರಿನ್ಯಾಗ ನೀರ ಇದ್ದಾಗ ಪಿಸ್ಟನ್ ಜೋರಾಗಿ ಮ್ಯಾಲ ಬಂದ್ರ, ಗಾಳಿಯಂಗ ನೀರ ಅಮುಕೂದಿಲ್ಲ, ಒಳಗಿನ ಕನೆಕ್ಟಿಂಗ್ ರಾಡ್ ಡೊಂಕಾಗತೈತಿ. ಪ್ಲಗ್ ಬಿಚ್ಚಿದಾ, ಗಾಡಿ ವಾಲಿಸಿ ಹಿಂದಿನ ಗಾಲಿ ಕೈಲೆ ತಿರುವಿ ಒಳಗಿನ ನೀರ ಹೊರಗ ಹಾಕಿದಾ. ಟಾಕಿಯಾಗಿನ ಪೆಟ್ರೋಲ್ ಪೂರಾ ತಗದಾ. ಗೇರ್ ಬಾಕ್ಸಿನ ಎಣ್ಣಿ ಹಾಲು ಚಹಾದಂಗ ಬೆಳ್ಳಗಾಗಿ ಬಂತು, ಅಂದ್ರ ನೀರ ಕೂಡೇತಿ. ಹೊಸ ಎಣ್ಣಿ ಹಾಕಿ ತಿರುವಿ ಅದನ್ನೂ ತಗದು ಮತ್ತೊಮ್ಮಿ ಹಾಕಿದಾ. ಬಲಗಡೆ ಮುಚ್ಚಳ ಬಿಚ್ಚಿ ಡೈನಮೊ ಕಾಯಿಲ್ ಒರಸಿ ಬಿಸಲಿಗೆ ಇಟ್ರು, ವೈನಿ ಅದರ ಮ್ಯಾಲ ಹಪ್ಪಳ ಒಣಸೋ ತೆಳ್ಳನ ಅರಿವಿ ಹೊದಿಸಿದ್ಲು, ಧೂಳ ಬೀಳಬಾರದಂತ. ಕಾರ್ಬೋರೇಟರ್ ಚಿಮಣಿ ಎಣ್ಣಿಯಾಗ ಅದ್ದಿ, ಜೆಟ್ ಅನ್ನೋ ಸಣ್ಣ ತೂತು ಊದಿ ಸ್ವಚ್ಛ ಮಾಡಿದ್ರು. ಆ ತೂತಿಗೆ ಪಿನ್ನು ಸೂಜಿ ಹಾಕಬಾರದು, ಹಿತ್ತಾಳಿ ಮೆತ್ತಗ ಇರತೈತಿ, ತೂತು ದೊಡ್ಡದಾದ್ರ ಪೆಟ್ರೋಲ್ ಹೆಚ್ಚ ಕುಡೀತೈತಿ. ಆರನೇ ದಿನ ಗಾಡಿ ಶುರು ಆತು. ಓಣ್ಯಾಗ ಔಷಧಿ, ಹಾಲು, ಕುಡಿಯೋ ನೀರಿನ ಕ್ಯಾನು ತರೂದಕ್ಕ ಒಂದ ವಾರ ಅದ ಗಾಡಿ ಓಡಾಡ್ತು.

ಜಾವಾ ಹೆಸರು ಈಗ ಮತ್ತ ಬಂದೈತಿ. 2018ರಾಗ ಕ್ಲಾಸಿಕ್ ಲೆಜೆಂಡ್ಸ್ ಅನ್ನೋ ಕಂಪನಿ ಹೊಸ ಜಾವಾ ಬಿಟ್ಟಿತು, 2022ರಾಗ ಯೆಜ್ಡಿನೂ ಬಂತು. ನೋಡಾಕ ಹಳೇದರಂಗ, ಎರಡ ಸೈಲೆನ್ಸರ್ ಅದಾವ. ಒಳಗ ಮಾತ್ರ ಫೋರ್ ಸ್ಟ್ರೋಕ್, ನೀರಿನಿಂದ ತಣ್ಣಗಾಗೋ ಎಂಜಿನ್, ಪೆಟ್ರೋಲ್ ಅಳಿಯೋ ಕೆಲಸ ಕಂಪ್ಯೂಟರಿಂದು. ತಯಾರಾಗೂದು ಮೈಸೂರಾಗ ಅಲ್ಲ, ಮಧ್ಯಪ್ರದೇಶದ ಪೀಥಂಪುರದಾಗ. ಒಳ್ಳೇ ಗಾಡಿನ, ಹೊಗಿನೂ ಕಡಿಮಿ. ಆದ್ರ ಮಸಾಲಿ ಡಬ್ಬಿ, ಹಂಡೇ ಒಲಿ ಅದಕ್ಕ ಉಪಯೋಗಿಲ್ಲ.

ಹಳೇದ ಒಳ್ಳೇದು, ಹೊಸದ ಕೆಟ್ಟದು ಅಂತ ನಾನು ಹೇಳೂದಿಲ್ಲ. ಟೂ ಸ್ಟ್ರೋಕ್ ಹೊಗಿ ಕೂಸುಗಳಿಗೆ ಛಲೋ ಅಲ್ಲ. ಅದಕ್ಕ ನಾವು ಈ ಗಾಡಿನ ದಿನಾ ಓಡಸೂದಿಲ್ಲ, ವಾರಕ್ಕೊಮ್ಮಿ ಹೊಲಕ್ಕ, ಅಮಾಸಿಗೊಮ್ಮಿ ಗೋಕಾಕಕ್ಕ. ಕಾಗದ ಪತ್ರನೂ ನೋಡಕೋಬೇಕು. ಹದಿನೈದ ವರ್ಷ ದಾಟಿದ ಮ್ಯಾಲ ಆರ್‌ಸಿ ಐದ ವರ್ಷಕ್ಕೊಮ್ಮಿ ಹೊಸದ ಮಾಡಿಸಬೇಕು, ಹಸಿರು ತೆರಿಗಿ ಕಟ್ಟಬೇಕು, ಗಾಡಿ ತೋರಸಬೇಕು. 2021ರಾಗ ಕೇಂದ್ರ ಸರ್ಕಾರ ಐವತ್ತ ವರ್ಷ ದಾಟಿದ ಗಾಡಿಗೆ ವಿಂಟೇಜ್ ಅಂತ ಬ್ಯಾರೆ ನೋಂದಣಿ ಮಾಡೇತಿ, ಫೀ 20,000 ರೂಪಾಯಿ, ಹತ್ತ ವರ್ಷಕ್ಕ. ಆದ್ರ ಹಂಗ ಮಾಡಿಸಿದ್ರ ಪ್ರದರ್ಶನ, ರ‍್ಯಾಲಿ, ರಿಪೇರಿ ಇಂಥಾದಕ್ಕ ಮಾತ್ರ ರೋಡಿಗೆ ತರಬೇಕು, ದಿನದ ಕೆಲಸಕ್ಕ ಬಳಸಂಗಿಲ್ಲ. ಹೊಲಕ್ಕ ಹೋಗೋ ಗಾಡಿನ ಸಂಗ್ರಹಾಲಯದ ಗೊಂಬಿ ಮಾಡೂದು ಬ್ಯಾಡ ಅಂತ ನಾವು ಸಾದಾ ಆರ್‌ಸಿನ ಇಟ್ಟೀವಿ.

ಈಗ ನಮ್ಮ ಮುಂದ ಇರೋ ಕಾಳಜಿ ಬ್ಯಾರೆ. ಸಾಮಾನು ಹೆಂಗರ ಸಿಗತಾವ. ಗೊತ್ತಿದ್ದವರ ಕಡಿಮಿ ಆಗಾಕ ಹತ್ಯಾರ. ಮಾವನವರ ಜೋಡಿ ಕೂತು ಗಾಡಿ ಬಿಚ್ಚತಿದ್ದ ನಾಕ ಮಂದಿಯಾಗ ಈಗ ಒಬ್ಬರ ಉಳದಾರ, ಅವರಿಗೆ ಕಣ್ಣ ಕಾಣೂದಿಲ್ಲ. ಅತ್ತಿಯವರಿಗೆ ಮಂಡಿ ನೋವು, ಕಿವಿ ಮಾತ್ರ ಚುರುಕು. ಗಾಡಿ ಶುರು ಮಾಡಿದ್ರ ಒಳಗ ಕೂತಲ್ಲಿಂದನ “ಇವತ್ತ ಒಂದ ಬಿಟ್ಟ ಒಂದ ಹೊಡಿಯಾಕ ಹತ್ತೈತಿ, ಪೆಟ್ರೋಲ್ ಹೆಚ್ಚ ಹೋಗಾಕ ಹತ್ತೈತಿ ನೋಡ್ರಿ” ಅಂತಾರ. ನೋಡಿದ್ರ ಖರೇನ ಇರತೈತಿ. ಆ ಕಿವಿ ಯಾವ ಪುಸ್ತಕದಾಗೂ ಇಲ್ಲ.

ಅದಕ್ಕ ಈ ದೀಪಾವಳಿಯಿಂದ ನಮ್ಮ ಮಗಳು, ಸೊಸಿ ಇಬ್ಬರನ್ನೂ ಅತ್ತಿಯವರ ಹತ್ರ ಕೂಡ್ರಿಸೀನಿ. ಒಬ್ಬಾಕಿ ಕೇಳತಾಳ, ಒಬ್ಬಾಕಿ ನೂರ ಪುಟದ ನೋಟಬುಕ್ಕಿನ್ಯಾಗ ಬರೀತಾಳ. ಹಳೇ ಕ್ಯಾಲೆಂಡರಿನ ತಾರೀಕೂ ಅದರಾಗ ಇಳಿಸಾಕ ಹತ್ಯಾರ. ಸೊಸಿ ಹೋದ ವಾರ ತಾನ ಪಾಯಿಂಟ್ ತಿಕ್ಕಿ ಸಂದಿ ಇಟ್ಟು ಗಾಡಿ ಶುರು ಮಾಡಿದ್ಲು. ಲಗ್ನದ ಕಾರ್ಡಲ್ಲ, ಅಳಿಯೋ ಪಟ್ಟಿ ತರಿಸ್ಯಾಳ. ಛಲೋ ಆತು.

ನಿಮಗೆ ನಾ ಕೇಳಕೊಳ್ಳೂದು ಇಷ್ಟ. ನಿಮ್ಮ ಮನಿಯಾಗ ಫಟಫಟಿ ಇರಲಿಕ್ಕಿಲ್ಲ. ಹೊಲಿಗಿ ಮಶೀನು ಇರಬಹುದು, ಬಾವಿ ಎಂಜಿನ್ ಇರಬಹುದು, ಬೀಸೋ ಕಲ್ಲು ಇರಬಹುದು. ಅದನ್ನ ಇಷ್ಟ ದಿನ ಕಾಪಾಡಿದವರು ಯಾರು, ಏನೇನ ಮಾಡತಿದ್ರು, ಯಾವ ವರ್ಷ ಏನ ಬದಲಾತು, ಇವು ಮೂರ ಮಾತು ಮನಿ ಹಿರ್ಯಾರನ್ನ ಕೇಳಿ ಬರದ ಇಡ್ರಿ. ಹಳೇ ಕ್ಯಾಲೆಂಡರ್ ಟ್ರಂಕಿನ್ಯಾಗ ಇದ್ರ ರದ್ದಿಯವನಿಗೆ ಹಾಕೂಕಿಂತ ಮೊದಲ ಒಮ್ಮಿ ಬಿಚ್ಚಿ ನೋಡ್ರಿ. ಜಾವಾ, ಯೆಜ್ಡಿ ಇದ್ದ ಮನಿಯವರು ಯಾರರ ಇದ್ರ, ಕಾರ್ಬೋರೇಟರಿನ ತಳದ ವಾಶರ್ ಈಗ ಎಲ್ಲಿ ಸಿಗತೈತಿ ಅಂತ ನನಗೊಂದ ಫೋನ್ ಮಾಡ್ರಿ. ನಮ್ಮದು ಸ್ವಲ್ಪ ಸೋರಾಕ ಹತ್ತೈತಿ.